ಇಪ್ಪತ್ತೇಳನೇ ನಂಬರಿನ ಜಮೀನು

ಚಳಿ ಹಿಂದೆ ಸರಿದು ಬಿಸಿಲು ಮೈಗೆ ತಾಗುವ ಕಾಲ. ಊರಿನ ಯಾವ ಅಂಗಳ ನೋಡಿದರೂ ಮೆಕ್ಕೆಜೋಳದ ತೆನೆಗಳ ಗುಡ್ಡೆ, ಗುಡ್ಡೆಯ ಸುತ್ತ ಕಾಲು ಚಾಚಿ ಕೂತವರ ಮಾತು, ಕಾಳು ಉದುರುವ ಸದ್ದು. ಕಾಗದದಣ್ಣನ ಅಂಗಳದಲ್ಲೂ ಬೆಳಿಗ್ಗೆಯಿಂದ ಅದೇ ಕೆಲಸ. ಹೆಂಡತಿ ಎರಡು ತೆನೆಗಳನ್ನು ಒಂದಕ್ಕೊಂದು ತಿಕ್ಕಿ ಕಾಳು ಬಿಡಿಸುತ್ತಿದ್ದಳು. ಆತ ಕಾಳು ಬಿಟ್ಟ ಬೆಂಡುಗಳನ್ನು ಹತ್ತತ್ತರಂತೆ ಸಾಲಾಗಿ ಜೋಡಿಸುತ್ತಿದ್ದ. ಒಲೆಗೆ ಹೋಗುವ ಬೆಂಡನ್ನು ಎಣಿಸುವುದೇಕೆ ಎಂದು ಹೆಂಡತಿ ಕೇಳಿ ಹದಿನೆಂಟು ವರ್ಷವಾಗಿತ್ತು. ಉತ್ತರ ಇನ್ನೂ ಬಂದಿರಲಿಲ್ಲ.

ಕಾಗದದಣ್ಣ ಎಂಬುದು ಹೆತ್ತವರಿಟ್ಟ ಹೆಸರಲ್ಲ, ಊರಿಟ್ಟದ್ದು. ಅಪ್ಪನ ಕಾಲದಲ್ಲಿ ಹೊಲದ ಕಾಗದವನ್ನು ಇಲಿ ಕಡಿದುಹಾಕಿ, ಬದು ಎರಡು ಮಾರು ಒಳಕ್ಕೆ ಸರಿದಿತ್ತಂತೆ. ಅಂದಿನಿಂದ ಈತ ಮೊಹರು ಬಿದ್ದ ಯಾವ ಕಾಗದವನ್ನೂ ಎಸೆದವನಲ್ಲ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಸರ್ಕಾರಿ ಕಾಗದ ಓದಿ ಅದರ ತಿರುಳು ಹೇಳುವುದರಲ್ಲಿ ಸುತ್ತ ಹತ್ತು ಹಳ್ಳಿಗೆ ತನ್ನ ಸಮ ಇಲ್ಲ ಎಂದು ಆತ ನಂಬಿದ್ದ. ಊರವರೂ ನಂಬಿದ್ದರು, ಯಾಕೆಂದರೆ ಓದುವಾಗ ಆತ ಕನ್ನಡಕ ಹಾಕಿಕೊಳ್ಳುತ್ತಿದ್ದ, ಅರ್ಥವಾಗದ ಕಡೆ ಗಂಟಲು ಸರಿಮಾಡಿಕೊಳ್ಳುತ್ತಿದ್ದ.

"ಬಿಡಿಸೋದೇನೋ ಬಿಡಿಸಿದ್ದಾಯ್ತು. ಒಣಗಿಸೋದು ಎಲ್ಲಿ ರೀ?" ಎಂದಳು ಹೆಂಡತಿ.

ಕಷ್ಟವಿದ್ದದ್ದು ಅಲ್ಲಿಯೇ. ಊರಿನ ಅಂಚಿನಲ್ಲಿ ರಾಷ್ಟ್ರೀಯ ಉದ್ಯಾನದ ದೊಡ್ಡ ಬಾಗಿಲು. ಅದರ ಮುಂದಿನ ಬಯಲಿನಲ್ಲಿ ಅಜ್ಜನ ಕಾಲದಿಂದ ಊರಿನ ಕಾಳು ಒಣಗುತ್ತಿತ್ತು. ಕಳೆದ ಮಳೆಗಾಲ ಮುಗಿದ ಮೇಲೆ ಉದ್ಯಾನದವರು ಆ ಬಯಲಿಗೆ ಸಿಮೆಂಟು ಹಾಸಿ, ಬಿಳಿ ಗೆರೆ ಎಳೆದು, ಗೆರೆಯ ನಡುವೆ ನಂಬರು ಬರೆದು, ಕಾಡು ನೋಡಲು ಬರುವವರ ಕಾರು ನಿಲ್ಲುವ ಪಾರ್ಕಿಂಗ್ ಮಾಡಿಬಿಟ್ಟಿದ್ದರು. ಕಾಗದದಣ್ಣನ ಅಂಗಳಕ್ಕೆ ಮಧ್ಯಾಹ್ನ ಒಂದು ಗಂಟೆ ಬಿಸಿಲು ಬಿದ್ದರೆ ಹೆಚ್ಚು. ಮಾಡಿಗೆ ಹಂಚು, ಹಂಚು ಇಳಿಜಾರು. ವ್ಯಾಪಾರಿಯ ಲಾರಿ ಬರುವುದು ಶನಿವಾರ. ಆ ವ್ಯಾಪಾರಿ ಚೀಲಕ್ಕೊಂದು ಕಾಳು ತೆಗೆದು ಹಲ್ಲಿನಲ್ಲಿ ಕಡಿಯುತ್ತಾನೆ. 'ಕಟ್' ಎಂದರೆ ದುಡ್ಡು ಎಣಿಸುತ್ತಾನೆ. ಮೆತ್ತಗೆ ಸಿಕ್ಕಿತೋ, ಉಗಿದು ಮುಂದಿನ ಮನೆಗೆ ಹೋಗುತ್ತಾನೆ. ಇದ್ದದ್ದು ಎಂಟು ಚೀಲ ಜೋಳ. ಮುಂದಿನ ಬಿತ್ತನೆಯವರೆಗೆ ಮನೆ ನಡೆಯಬೇಕಾದದ್ದು ಅದರಲ್ಲಿಯೇ.

"ನಾನು ಹೋಗಿ ಮಾತಾಡ್ತೀನಿ," ಎಂದು ಆತ ಕನ್ನಡಕ ಜೇಬಿಗೆ ಹಾಕಿಕೊಂಡ.

"ಮಾತಾಡಿ. ಸಹಿ ಮಾತ್ರ ಹಾಕಬೇಡಿ," ಎಂದಳು ಹೆಂಡತಿ.

ಬಾಗಿಲ ಪಕ್ಕದ ಕೌಂಟರಿನಲ್ಲಿ ಕೂತಿದ್ದವಳು ಒಬ್ಬ ಗುಮಾಸ್ತೆ. ಮೂರು ವಾರದಿಂದ ದಿನವಿಡೀ ಒಂದೇ ಜಗಳ ಕೇಳಿ ಸೋತಿದ್ದಳು. ಬಂದವರಿಗೆಲ್ಲ ನೆರಳಿನಲ್ಲಿ ಜಾಗ ಬೇಕು. ಮರ ಇದ್ದದ್ದು ಆರು.

"ಗಂಟೆಗೆ ಇಪ್ಪತ್ತು, ದಿನಕ್ಕೆ ನೂರು," ಎಂದಳು ತಲೆಯೆತ್ತದೆ.

"ತಾಯಿ, ನಾನು ಈ ಊರಿನವನೇ."

"ಊರಿನವರಿಗೆ ವರ್ಷದ ಪಾಸು ಇದೆ. ಮುನ್ನೂರು."

ಕಾಗದದಣ್ಣ ಕನ್ನಡಕ ಏರಿಸಿದ. "ಅಂದ್ರೆ ಒಂದು ವರ್ಷ ಆ ಜಾಗ ನಮ್ಮದೇ?"

"ನಿಮ್ಮದೇ. ನಂಬರ್ ಹಾಕಿ ಕೊಡ್ತೀವಿ. ಬೇರೆ ಯಾರೂ ನಿಲ್ಲಿಸೋ ಹಾಗಿಲ್ಲ."

"ಅಳತೆ?"

ಅಳತೆ ಕೇಳಿದವರು ಇದುವರೆಗೆ ಯಾರೂ ಇರಲಿಲ್ಲ. ಆಕೆ ಪಾಸಿನ ಪುಸ್ತಕ ತಿರುಗಿಸಿ ನೋಡಿ, "ಹದಿನಾರಡಿ ಉದ್ದ, ಎಂಟಡಿ ಅಗಲ," ಎಂದಳು. "ಮೊದಲೇ ಹೇಳಿಬಿಡ್ತೀನಿ ಯಜಮಾನರೇ, ನೆರಳಿನದ್ದು ಎಲ್ಲಾ ಖಾಲಿಯಾಗಿದೆ. ಉಳಿದಿರೋದೆಲ್ಲ ಬಿಸಿಲಿನದ್ದೇ. ಇಪ್ಪತ್ತೇಳು ಕೊಡಬಹುದು. ಬೆಳಿಗ್ಗೆಯಿಂದ ಸಂಜೆವರೆಗೆ ಕೆಂಡದಂಥ ಬಿಸಿಲು."

"ದೇವರು ನಿನ್ನ ಹೊಟ್ಟೆ ತಣ್ಣಗಿಡಲಿ ತಾಯಿ, ಅದನ್ನೇ ಕೊಡು!"

ಮೂರು ವಾರದಲ್ಲಿ ಮೊದಲ ಸಲ ಗುಮಾಸ್ತೆ ತಲೆಯೆತ್ತಿ ಗಿರಾಕಿಯ ಮುಖ ನೋಡಿದಳು. ಇಂಥ ಮನುಷ್ಯನಿಗೆ ಇನ್ನೆರಡು ಪ್ರಶ್ನೆ ಕೇಳಿ ತೊಂದರೆ ಕೊಡಬಾರದು ಎನ್ನಿಸಿತು. ಆದರೂ ಫಾರಂ ಎಂದ ಮೇಲೆ ಫಾರಂ.

"ವಾಹನ ಯಾವುದು? ಕಾರು, ಜೀಪು, ಬೈಕು, ಇತರೆ?"

"ತಳ್ಳುಗಾಡಿ."

ಆಕೆ 'ಇತರೆ' ಎಂದು ಬರೆದು ಮೊಹರು ಗುದ್ದಿದಳು.

ಕಾಗದದಣ್ಣ ಮನೆ ಮುಟ್ಟುವ ಮೊದಲೇ ಪಾಸನ್ನು ನಾಲ್ಕು ಸಲ ಓದಿದ್ದ. ಅಂಗಳಕ್ಕೆ ಬಂದು ನಿಂತೇ ಐದನೇ ಸಲ, ಈ ಬಾರಿ ಗಟ್ಟಿಯಾಗಿ, ಹೆಂಡತಿಗೂ ಬೇಲಿಯಾಚೆ ಕಿವಿಗೊಟ್ಟವರಿಗೂ ಕೇಳುವಂತೆ ಓದಿದ.

"ನಂಬರ್ ಇಪ್ಪತ್ತೇಳು. ಉದ್ದ ಹದಿನಾರು, ಅಗಲ ಎಂಟು. ವಾರ್ಷಿಕ ಶುಲ್ಕ ಸಂದಾಯವಾಗಿದೆ. 'ಸದರಿ ಸ್ಥಳವನ್ನು ಪಾಸುದಾರರ ಹೊರತು ಅನ್ಯರು ಬಳಸತಕ್ಕದ್ದಲ್ಲ. ಪರಭಾರೆ ಮಾಡತಕ್ಕದ್ದಲ್ಲ.' ಕೆಳಗೆ ಸಹಿ, ಮೊಹರು. ಇದೇನು ಗೊತ್ತಾಯ್ತಾ?"

"ಗಾಡಿ ನಿಲ್ಲಿಸೋ ಚೀಟಿ."

"ಥೂ! ಓದೋಕೆ ಬರದವರ ಕಣ್ಣಿಗೆ ಚೀಟಿ. ಸರ್ವೆ ನಂಬರ್ ಇದೆ, ಅಳತೆ ಇದೆ, ಕಂದಾಯ ಕಟ್ಟಿದ್ದು ಇದೆ, ಅನುಭೋಗದ ಹಕ್ಕು ಇದೆ. ಇದು ಜಮೀನಿನ ಪತ್ರ ಕಣೇ. ಸರ್ಕಾರ ನಮಗೆ ಗುತ್ತಿಗೆ ಕೊಟ್ಟಿರೋದು. ಚಕ್ಕುಬಂದಿ ಒಂದು ಬರೆದಿಲ್ಲ, ಅದನ್ನ ನಾನೇ ಬರ್ಕೋತೀನಿ." ಹಾಗೆಂದವನು ಪಾಸಿನ ಹಿಂಬದಿಗೆ ಪೆನ್ನಿನಲ್ಲಿ ಬರೆದೇಬಿಟ್ಟ: ಪೂರ್ವಕ್ಕೆ ಇಪ್ಪತ್ತಾರು, ಪಶ್ಚಿಮಕ್ಕೆ ಇಪ್ಪತ್ತೆಂಟು, ಉತ್ತರಕ್ಕೆ ಸರ್ಕಾರಿ ಬೇಲಿ, ದಕ್ಷಿಣಕ್ಕೆ ಕಾರು ಓಡಾಡುವ ದಾರಿ.

"ಮುನ್ನೂರು ಎಲ್ಲಿಂದ ಬಂತು?" ಎಂದಳು ಹೆಂಡತಿ.

ಕಾಗದದಣ್ಣ ಗಂಟಲು ಸರಿಮಾಡಿಕೊಂಡ. ಮನೆಯಲ್ಲಿದ್ದ ಕೈದುಡ್ಡೆಲ್ಲ ಅಲ್ಲಿಗೆ ಹೋಗಿತ್ತು.

ಬಾಗಿಲ ರಸ್ತೆಯಲ್ಲಿ ಕ್ಷೌರದ ಅಂಗಡಿ ಇಟ್ಟವನು ಈ ಸುದ್ದಿಯನ್ನು ಮೊದಲ ಗಿರಾಕಿಯ ಕೆನ್ನೆಗೆ ಸೋಪು ಹಚ್ಚುವಾಗ ಇದ್ದದ್ದು ಇದ್ದಂತೆ ಹೇಳಿದ. ಎರಡನೆಯವನ ಹೊತ್ತಿಗೆ ಜಮೀನು ಕಾಲೆಕರೆಯಾಯಿತು. ಐದನೆಯವನ ಗಡ್ಡ ಮುಗಿಯುವಾಗ ಸರ್ಕಾರ ಸಿಮೆಂಟು ಹಾಸಿಯೇ ಕೊಡುತ್ತಿದೆ, ಬೇಲಿಯೂ ಅವರದ್ದೇ, ಕಾವಲಿಗೆ ಜನವೂ ಅವರದ್ದೇ ಎಂಬಲ್ಲಿಗೆ ಬಂದು ನಿಂತಿತು. ಕಡೆಯ ಮೂರು ಮಾತು ನಿಜವೇ ಆಗಿದ್ದರಿಂದ ಯಾರೂ ಅನುಮಾನಪಡಲಿಲ್ಲ.

ಮಂಗಳವಾರ ಬೆಳಿಗ್ಗೆ ಕಾಗದದಣ್ಣ ಭಾವಮೈದನ ಮನೆಯಿಂದ ತಳ್ಳುಗಾಡಿ ತಂದು, ಎಂಟು ಚೀಲ ಹೇರಿ ಬಾಗಿಲಿಗೆ ಹೋದ. ಇಪ್ಪತ್ತೇಳನ್ನು ಎರಡು ಸಲ ಗುಡಿಸಿ, ಬಿಳಿ ಗೆರೆಯಿಂದ ಒಂದು ಬೆರಳೂ ಆಚೆ ಹೋಗದಂತೆ ಜೋಳ ಹರವಿದ. ಗಾಡಿಯನ್ನು ಮೂಕಿ ಮೇಲೆ ಮಾಡಿ ಮೂಲೆಗೆ ಒರಗಿಸಿದ. ಪಾಸನ್ನು ಗಾಡಿಯ ಚಕ್ರಕ್ಕೆ ದಾರದಲ್ಲಿ ಕಟ್ಟಿದ. ಆಮೇಲೆ ಚಪ್ಪಲಿ ಕಳಚಿ, ಕಾಳಿನ ನಡುವೆ ಕಾಲೆಳೆಯುತ್ತ ಸಾಲು ಸಾಲಾಗಿ ಕೆದರತೊಡಗಿದ. ಕಾಳು ಒಣಗಿಸುವವರು ಎಲ್ಲೆಡೆ ಮಾಡುವುದೇ ಅದು. ಆದರೆ ಕಾರುಗಳ ನಡುವೆ, ಎಂಟಡಿ ಅಗಲದಲ್ಲಿ, ಕೈ ಹಿಂದೆ ಕಟ್ಟಿ, ಗಂಭೀರ ಮುಖ ಮಾಡಿ ಹೋಗಿ ಬಂದು ಮಾಡುವವನನ್ನು ಕಂಡರೆ ಯಾರಿಗಾದರೂ ನಿಂತು ನೋಡೋಣ ಎನಿಸುತ್ತದೆ.

ಮೊದಲು ನಿಂತದ್ದು ಒಂದು ಉದ್ದನೆಯ ಕಾರು. ಕಿಟಕಿ ಇಳಿಯಿತು. "ಯಜಮಾನ್ರೇ, ಸ್ವಲ್ಪ ತೆಗೀರಿ, ಗಾಡಿ ಹಾಕ್ಬೇಕು."

"ಇದು ಜಮೀನು ಸ್ವಾಮಿ."

"ಪಾರ್ಕಿಂಗ್ ಅಲ್ವಾ?"

"ನಿಮಗೆ ಪಾರ್ಕಿಂಗ್. ನಮಗೆ ಜಮೀನು. ಪತ್ರ ತೋರಿಸ್ಲಾ?"

ಕಾರಿನವನು ಪತ್ರ ನೋಡಿದ. ಮೊಹರಿತ್ತು. ಕಾರನ್ನು ಹಿಂದಕ್ಕೆ ತೆಗೆದ. ಕಾರಿನಲ್ಲಿದ್ದ ಹೆಂಗಸು ಇಳಿದು ಬಂದು ಎರಡು ಫೋಟೋ ತೆಗೆದುಕೊಂಡಳು. "ಒಳಗಡೆ ಇನ್ನೂ ಏನೇನು ಇದೆಯೋ! ಹೊರಗೇ ಇಷ್ಟು ಚೆನ್ನಾಗಿ ಮಾಡಿ ತೋರಿಸ್ತಿದಾರೆ," ಎಂದು ಗಂಡನಿಗೆ ಹೇಳಿದ್ದು ಕಾಗದದಣ್ಣನ ಕಿವಿಗೂ ಬಿತ್ತು. ಆತ ಕಾಲೆಳೆಯುವುದನ್ನು ಇನ್ನಷ್ಟು ನಿಧಾನ ಮಾಡಿದ.

ಗುಮಾಸ್ತೆಯೂ ಹೊರಗೆ ಬಂದು ನೋಡಿದಳು. "ಇದೇನು ಯಜಮಾನರೇ? ಪಾಸು ಗಾಡಿಗೆ ಕೊಟ್ಟಿದ್ದು!"

"ಗಾಡಿ ಇದೆಯಲ್ಲ ತಾಯಿ, ನಿಂತಿದೆ."

"ಈ ಜೋಳ?"

"ಗಾಡಿಯ ಮಾಲು. ಇಳಿಸಿದೀನಿ. ಒಣಗಿದ ಮೇಲೆ ಏರಿಸ್ತೀನಿ. ಇಳಿಸಬಾರದು ಅಂತ ಎಲ್ಲಾದರೂ ಬರೆದಿದ್ರೆ ಹೇಳು, ಈಗಲೇ ತೆಗೀತೀನಿ."

ಆಕೆ ಪಾಸಿನ ಹಿಂದೆ ಮುಂದೆ ಹುಡುಕಿದಳು. ಹಾಗೆ ಬರೆದಿರಲಿಲ್ಲ. ಪೂರ್ವಕ್ಕೆ ಇಪ್ಪತ್ತಾರು, ಪಶ್ಚಿಮಕ್ಕೆ ಇಪ್ಪತ್ತೆಂಟು ಎಂದು ಬರೆದದ್ದನ್ನು ಓದಿ, ಇದೂ ಕಚೇರಿಯವರೇ ಬರೆದದ್ದೇನೋ ಎಂದು ಗಾಬರಿಯಾಗಿ, ಒಳಕಾಡಿನ ಬಂಗಲೆಯಲ್ಲಿ ಪ್ರಾಣಿಗಣತಿಗೆ ಕೂತಿದ್ದ ವಾರ್ಡನ್ ಸಾಹೇಬರಿಗೆ ಫೋನು ಮಾಡಿದಳು. ಕಾಡಿನೊಳಗೆ ಫೋನಿಗೆ ಗಾಳಿ ಹೆಚ್ಚು, ಮಾತು ಕಡಿಮೆ. "ವರ್ಷದ ಪಾಸು... ಊರಿನವರು..." ಎಂಬಷ್ಟು ಮಾತ್ರ ದಾಟಿತು. "ಕೊಡಮ್ಮ ಕೊಡು! ಎಷ್ಟು ಜನ ಬಂದರೂ ಕೊಡು!" ಎಂದು ಆ ಕಡೆಯಿಂದ ಉತ್ಸಾಹದ ಕೂಗು ಬಂತು.

ಹಾಗೆಂದ ಮೇಲೆ ಕೊಡದೆ ಇರುವುದುಂಟೆ?

ಬುಧವಾರ ಕೌಂಟರಿನ ಮುಂದೆ ಊರಿನ ಸಾಲು ಹತ್ತಿತು. ಒಬ್ಬ ಒಂಟಿಚಕ್ರದ ಮಣ್ಣಿನ ಗಾಡಿ ತಂದ. ಒಬ್ಬಳು ಮೊಮ್ಮಗುವನ್ನು ಎತ್ತಿ ಸೊಂಟಕ್ಕಿಟ್ಟುಕೊಂಡು, ಮಗು ನಡೆಯಲು ಕಲಿಯುವ ಮೂರು ಚಕ್ರದ ನಡೆಗಾಡಿ ತಂದಳು. ಕ್ಷೌರದವನು ತನ್ನ ಅಂಗಡಿಯ ಕುರ್ಚಿಯನ್ನೇ ಉರುಳಿಸಿಕೊಂಡು ಬಂದ.

"ಇದು ಕುರ್ಚಿ!" ಎಂದಳು ಗುಮಾಸ್ತೆ.

"ಚಕ್ರ ಎಣಿಸಮ್ಮ. ನಾಲ್ಕಿದೆ. ಕಾರಿಗೆ ಎಷ್ಟಿರುತ್ತೆ?"

ಆಕೆ ಇತರೆ, ಇತರೆ, ಇತರೆ ಎಂದು ಬರೆದೂ ಬರೆದೂ ಪಾಸಿನ ಪುಸ್ತಕ ಮುಗಿಸಿ, ಎರಡನೆಯದನ್ನು ಒಡೆದಳು. ಸಂಜೆಯ ಲೆಕ್ಕವನ್ನು ನಿಯಮದ ಪ್ರಕಾರ ಪಟ್ಟಣದ ಕೇಂದ್ರ ಕಚೇರಿಗೆ ಕಳಿಸಿದಳು: ಸ್ಥಳೀಯ ವಾಹನದ ವಾರ್ಷಿಕ ಪಾಸು, ಒಂದೇ ದಿನ, ಮೂವತ್ತೊಂದು.

ಗುರುವಾರದ ಹೊತ್ತಿಗೆ ಪಾರ್ಕಿಂಗಿನಲ್ಲಿ ಅರ್ಧ ಕಾರು, ಅರ್ಧ ಕಾಳು. ಮೂವತ್ತೊಂದನೇ ನಂಬರಿನಲ್ಲಿ ಕ್ಷೌರ ನಡೆದಿತ್ತು. ನೆರಳು ಸಿಗದ ಪ್ರವಾಸಿಗಳು ಹೇಗೂ ಬಿಸಿಲಲ್ಲಿ ನಿಂತದ್ದಾಯಿತು, ಗಡ್ಡವಾದರೂ ಆಗಲಿ ಎಂದು ಸಾಲು ನಿಂತಿದ್ದರು.

ಆ ಹೊತ್ತಿಗೆ ಬಂದ ನೋಡಿ, ತಳ್ಳುಗಾಡಿಯ ಒಡೆಯ ಭಾವಮೈದ. ಪಂಪು ರಿಪೇರಿ ಮಾಡುವವನು. ಯಾವ ಮಾತನ್ನೂ ಬಿಚ್ಚಿ ಒಳಗೆ ನೋಡದೆ ಬಿಡುವವನಲ್ಲ.

"ಭಾವ, ಪಾಸು ಯಾವುದರ ಮೇಲಿದೆ?"

"ಗಾಡಿ ಮೇಲೆ."

"ಗಾಡಿ ಯಾರದ್ದು?"

ಕಾಗದದಣ್ಣ ಕಾಲೆಳೆಯುವುದನ್ನು ನಿಲ್ಲಿಸಿದ.

"ಗಾಡಿ ನನ್ನದು ಅಂದ ಮೇಲೆ ಜಮೀನು ಯಾರದ್ದು? ನೀವೇ ಹೇಳಿ, ಕಾಗದ ಓದಿದವರು ನೀವು. ನನ್ನ ಸೂರ್ಯಕಾಂತಿ ಬೀಜ ಮನೆಯಲ್ಲಿ ಮುಗ್ಗಲು ವಾಸನೆ ಹೊಡೀತಿದೆ."

"ದುಡ್ಡು ಕಟ್ಟಿದ್ದು ನಾನು!"

"ಅದಕ್ಕೇ ಅರ್ಧ ಅಂತಿರೋದು. ಇಲ್ಲಾಂದ್ರೆ ಪೂರ್ತಿ ಕೇಳ್ತಿದ್ದೆ."

ಮಾತು ಬೆಳೆದು, ಕಾರುಗಳ ಹಾರನ್ನಿಗಿಂತ ಎತ್ತರಕ್ಕೆ ಹೋಗಿ, ಕಡೆಗೆ ಊರಿನ ನಿವೃತ್ತ ಸರ್ವೇಯರನ್ನು ಕರೆಸಬೇಕಾಯಿತು. ಕೆಲಸ ಬಿಟ್ಟು ಹನ್ನೆರಡು ವರ್ಷವಾಗಿದ್ದರೂ ಅಳತೆಯ ಸರಪಳಿ ಬಿಟ್ಟಿರದ ಆ ಹಿರಿಯರು, ಕರೆ ಬಂದ ಖುಷಿಗೆ ಕೋಟು ಹಾಕಿಕೊಂಡೇ ಬಂದರು. ಪಾಸನ್ನು ಬಿಸಿಲಿಗೆ ಹಿಡಿದರು. ಹಿಂಬದಿಯ ಚಕ್ಕುಬಂದಿ ಓದಿ ತಲೆದೂಗಿದರು. "ಶುದ್ಧವಾಗಿದೆ. ಇತ್ತೀಚೆಗೆ ಇಷ್ಟು ಶುದ್ಧವಾಗಿ ಬರೆಯೋರೇ ಇಲ್ಲ." ಆಮೇಲೆ ಮೂರು ಕಾರುಗಳನ್ನು ಪಕ್ಕಕ್ಕೆ ಸರಿಸಿ, ಎರಡು ಸಲ ಅಳೆದು, ಪಶ್ಚಿಮದ ಗೆರೆ ಎರಡಂಗುಲ ಒತ್ತುವರಿಯಾಗಿದೆ ಎಂದು ಸಾರಿದರು. ಒತ್ತಿದವರು ಇಪ್ಪತ್ತೆಂಟನೇ ನಂಬರಿನಲ್ಲಿ ಕಾರು ನಿಲ್ಲಿಸಿ ಕಾಡಿಗೆ ಹೋಗಿದ್ದ ಒಬ್ಬ ಹಲ್ಲಿನ ವೈದ್ಯರು. ಅವರು ವಾಪಸು ಬಂದಾಗ ಕಾರಿನ ಗಾಜಿಗೆ ಒಂದು ನೋಟೀಸು ಅಂಟಿತ್ತು.

ಪಾಲು ತೀರ್ಮಾನಿಸಿದವಳು ಮಾತ್ರ ಊಟದ ಬುತ್ತಿ ತಂದ ಹೆಂಡತಿ.

"ಏನೋ, ಅರ್ಧ ಬೇಕಂತೆ?" ಎಂದಳು ತಮ್ಮನಿಗೆ. "ನಮ್ಮ ಏಣಿ ತಗೊಂಡು ಹೋಗಿ ಎಷ್ಟು ದಿನ ಆಯ್ತು?"

"ಅಕ್ಕಾ, ಅದು ಬೇರೆ ವಿಷಯ..."

"ಏಣಿಗೆ ಪಾಲು ಹಾಕೋಣ್ವಾ? ಮೇಲಿನ ಮೆಟ್ಟಿಲು ನಿನಗೆ, ಕೆಳಗಿನದು ನಮಗೆ. ಬೇಲಿ ಕಡೆ ನಾಲ್ಕಡಿ ಬಿಡ್ತೀವಿ, ಬೀಜ ಹರವಿಕೋ. ಶನಿವಾರ ಎರಡೂ ಎತ್ತೋದು. ಬಾಯಿ ಮುಚ್ಕೊಂಡು ಊಟ ಮಾಡು, ಬಾ."

ಭಾವಮೈದ ಊಟಕ್ಕೆ ಕೂತ. ಸರ್ವೇಯರು ನಾಲ್ಕಡಿಯ ಗೆರೆಗೆ ಒಂದು ಇಟ್ಟಿಗೆ ಇಟ್ಟು, ಕೋಟಿನ ಧೂಳು ಕೊಡವಿ, ತಮ್ಮ ಸೇವೆ ಪೂರ್ತಿಯಾಯಿತೆಂದು ಅವರೂ ಕೂತರು.

ಅವತ್ತು ಸಂಜೆ ನಾಲ್ಕೂವರೆಗೆ ಜಿಂಕೆಗಳು ಬಂದವು.

ಮೊದಲು ಒಂದು ಬಂತು. ಬೇಲಿಯ ಮುರುಕಿನಲ್ಲಿ ಕತ್ತು ತೂರಿಸಿ, ಬೀಜ ಒಮ್ಮೆ ಮೂಸಿ, ಬೇಡವೆಂದು, ಇಟ್ಟಿಗೆ ದಾಟಿ ಜೋಳಕ್ಕೆ ಬಾಯಿ ಹಾಕಿತು. ಹಿಂದೆಯೇ ನಾಲ್ಕು. ಬೆಳಿಗ್ಗೆಯಿಂದ ಕಾಡೆಲ್ಲ ಸುತ್ತಿ ಒಂದು ಅಳಿಲನ್ನೂ ಕಾಣದೆ ಹಿಂತಿರುಗಿದ್ದ ಪ್ರವಾಸಿಗಳು ಉಸಿರು ಬಿಗಿಹಿಡಿದು, ಕಾರಿನ ಬಾಗಿಲನ್ನು ಹತ್ತಿಯಂತೆ ಮೆತ್ತಗೆ ತೆರೆದು ಇಳಿದರು.

"ಹಚಾ! ಹಚಾ!" ಎಂದು ಕಾಗದದಣ್ಣ ಟವೆಲು ಬೀಸಿದ.

"ಶ್! ಸುಮ್ನಿರ್ರೀ!" ಎಂದು ಮೂವತ್ತು ಜನ ಒಟ್ಟಿಗೆ ಗದರಿದರು. ಇಬ್ಬರು ಅವನ ಎರಡು ತೋಳನ್ನೂ ಹಿಡಿದುಕೊಂಡರು. ತನ್ನ ಪತ್ರವಿರುವ ಜಮೀನಿನಲ್ಲಿ ತನ್ನ ಬೆಳೆಯನ್ನು ಸರ್ಕಾರದ ಜಿಂಕೆ ತಿನ್ನುವುದನ್ನು ಆತ ಕಾಲು ಗಂಟೆ ನಿಂತು ನೋಡಬೇಕಾಯಿತು. ಆದರೆ ಮನುಷ್ಯ ಸುಮ್ಮನೆ ನೋಡಲಿಲ್ಲ. ಪ್ರತಿ ಬಾಯಿಯನ್ನೂ ಎಣಿಸಿದ.

ಶುಕ್ರವಾರ ಪಟ್ಟಣದಲ್ಲಿ ಮಾತು ಹಬ್ಬಿತ್ತು: ಕಾಡಿನೊಳಗೆ ಹೋಗಬೇಡಿ, ದುಡ್ಡು ದಂಡ, ಪಾರ್ಕಿಂಗಿನಲ್ಲೇ ನಿಲ್ಲಿ, ಇಪ್ಪತ್ತೇಳರ ಹತ್ತಿರ, ನಾಲ್ಕೂವರೆಗೆ. ಜನ ಬಂದರು, ಜಿಂಕೆಗಳೂ ಮಾತಿಗೆ ತಪ್ಪದೆ ಬಂದವು. ಈ ಬಾರಿ ಹೆಂಡತಿ ಟಾರ್ಪಾಲು ಹಿಡಿದು ನಿಂತಿದ್ದರಿಂದ ಹತ್ತು ಬಾಯಿಗಿಂತ ಹೆಚ್ಚು ಹೋಗಲಿಲ್ಲ.

ಶನಿವಾರ ಬೆಳಿಗ್ಗೆ ಮೂರು ಗಾಡಿಗಳು ಒಂದೇ ಗಳಿಗೆಯಲ್ಲಿ ಬಾಗಿಲಿಗೆ ಬಂದು ಮುಟ್ಟಿದವು. ಜಾಗ ಸಿಗದೆ ಅರ್ಧ ಮೈಲಿ ನಿಂತಿದ್ದ ಕಾರುಗಳ ಸಾಲಿನ ಮೊದಲ ಕಾರು ಒಂದು. ವ್ಯಾಪಾರಿಯ ಲಾರಿ ಇನ್ನೊಂದು. ಒಳಕಾಡಿನಿಂದ ವಾರ್ಡನ್ ಸಾಹೇಬರ ಜೀಪು ಮತ್ತೊಂದು.

ಸಾಹೇಬರ ಮುಖದಲ್ಲಿ ಕಳೆ ಇತ್ತು. ಹಿಂದಿನ ದಿನ ಕೇಂದ್ರ ಕಚೇರಿಯಿಂದ ಕಾಗದ ಬಂದಿತ್ತು: ಸ್ಥಳೀಯ ವಾಹನ ಪಾಸುಗಳ ಮಾರಾಟದಲ್ಲಿ ತಮ್ಮ ಬಾಗಿಲು ಎಲ್ಲ ಉದ್ಯಾನಗಳಿಗೂ ಮೇಲಾಗಿದೆ, ಊರವರನ್ನು ಹೀಗೆ ಒಲಿಸಿಕೊಂಡ ಬಗೆಯನ್ನು ವಿವರವಾಗಿ ಬರೆದು ಕಳಿಸಿ, ಬೇರೆಯವರಿಗೆ ಮಾದರಿಯಾಗಲಿ. ಸಾಹೇಬರು ಬಂಗಲೆಯಲ್ಲಿ ಕೂತೇ ಎಂಟು ಪುಟ ಬರೆದು ಕಳಿಸಿಯೂ ಆಗಿತ್ತು. ಈಗ ಜೀಪಿನಿಂದ ಇಳಿದು ತಮ್ಮ ಮಾದರಿಯನ್ನು ಮೊದಲ ಬಾರಿ ಕಣ್ಣಾರೆ ನೋಡಿದರು. ಜೋಳ. ಬೀಜ. ಇನ್ನೊಂದಿಷ್ಟು ಜೋಳ. ಚಕ್ರದ ಕುರ್ಚಿಯಲ್ಲಿ ಅರ್ಧ ಗಡ್ಡದ ಒಬ್ಬ ಮನುಷ್ಯ.

"ಇದೇನಮ್ಮಾ?" ಎಂದರು ಗುಮಾಸ್ತೆಗೆ.

"ಎಷ್ಟು ಜನ ಬಂದರೂ ಕೊಡು ಅಂದ್ರಲ್ಲ ಸಾರ್."

"ಇದನ್ನೆಲ್ಲ ಶುರು ಮಾಡಿದವರು ಯಾರು?"

ಎಲ್ಲ ಬೆರಳೂ ಇಪ್ಪತ್ತೇಳರ ಕಡೆ ತಿರುಗಿದವು. ಕಾಗದದಣ್ಣ ಒಂದು ಬೊಗಸೆ ಕಾಳು ಹಿಡಿದು ವ್ಯಾಪಾರಿಯ ಮುಂದೆ ನಿಂತಿದ್ದ. ವ್ಯಾಪಾರಿ ಒಂದು ಕಾಳನ್ನು ದವಡೆಗೆ ಹಾಕಿ ಕಡಿದ. 'ಕಟ್' ಎಂಬ ಸದ್ದು ಮೂರು ಕಾರಿನಾಚೆಗೆ ಕೇಳಿಸಿತು.

"ಹದ ಬಂದಿದೆ," ಎಂದ ವ್ಯಾಪಾರಿ. "ಲಾರಿ ಒಳಗೆ ತರ್ತೀನಿ, ತೂಗಿ ಏರಿಸಿ."

ಗುಮಾಸ್ತೆ ಅಡ್ಡ ಬಂದಳು. "ಲಾರಿಗೆ ನೂರೈವತ್ತು. ಎರಡು ಗಂಟೆವರೆಗೆ."

"ನಾನೇನು ಜಿಂಕೆ ನೋಡೋಕೆ ಬಂದಿದೀನಾ?" ಎಂದ ವ್ಯಾಪಾರಿ. "ಜೋಳ ಕೊಳ್ಳೋಕೆ ಬಾಗಿಲಲ್ಲಿ ದುಡ್ಡು ಕಟ್ಟೋ ಪದ್ಧತಿ ನನ್ನ ಅಪ್ಪನಿಗೂ ಗೊತ್ತಿರ್ಲಿಲ್ಲ. ಯಜಮಾನ್ರೇ, ಮಾಲು ನಿಮ್ಮದು, ಜಾಗ ನಿಮ್ಮದು, ಕಟ್ಟೋದೂ ನೀವೇ. ಹತ್ತು ನಿಮಿಷ ನೋಡ್ತೀನಿ. ಆಮೇಲೆ ಮುಂದಿನ ಊರು."

"ಜೋಳದ ದುಡ್ಡಲ್ಲಿ ಮುರ್ಕೊಳ್ಳಿ..."

"ತೂಗಿದ ಮೇಲೆ ದುಡ್ಡು. ತೂಗೋಕೆ ಲಾರಿ ಒಳಗೆ ಬರಬೇಕು. ತಕ್ಕಡಿ ಲಾರಿಲಿದೆ."

ಕಾಗದದಣ್ಣ ಜೇಬು ತಡಕಿದ. ಕನ್ನಡಕ ಸಿಕ್ಕಿತು. ಭಾವಮೈದನ ಕಡೆ ನೋಡಿದ. ಭಾವಮೈದ ಗಾಡಿಯ ಚಕ್ರ ಬಿಗಿಯಾಗಿದೆಯೇ ಎಂದು ಬಗ್ಗಿ ನೋಡತೊಡಗಿದ್ದ. ಅಷ್ಟರಲ್ಲಿ ಸಾಹೇಬರು ಬಂದು ಎದುರು ನಿಂತರು.

"ಕಾಡುಪ್ರಾಣಿಗೆ ತಿನ್ನಿಸೋದು ಅಪರಾಧ, ಗೊತ್ತಾ? ದಂಡ ಐನೂರು! ಜಿಂಕೆಗೆ ಜೋಳ ಹಾಕಿದ್ದೀರಿ ಅಂತ ಈ ಕಾರಿನವರೆಲ್ಲ ಹೇಳ್ತಿದಾರೆ."

"ಹಾಕಿಲ್ಲ ಸ್ವಾಮಿ. ಅವೇ ಬಂದು ಕದ್ದಿವೆ." ಕಾಗದದಣ್ಣ ಕನ್ನಡಕ ಏರಿಸಿದ. ಕನ್ನಡಕ ಏರಿದೊಡನೆ ಅವನ ದನಿಗೂ ಬೆನ್ನು ಬಂತು. "ಕಾಡುಪ್ರಾಣಿ ರೈತನ ಬೆಳೆ ತಿಂದರೆ ಇಲಾಖೆ ಪರಿಹಾರ ಕೊಡಬೇಕು ಅಂತ ನಿಮ್ಮ ಗೋಡೆ ಮೇಲೇ ಬರೆದಿದೆ. ಅರ್ಜಿ ಬರೆದಿಟ್ಟಿದ್ದೀನಿ. ಬಾಯಿ ಲೆಕ್ಕ ಹಾಕಿ, ಆರು ಕಿಲೋ."

ಸಾಹೇಬರು ಅರ್ಜಿ ಓದಿದರು. 'ಬೆಳೆ ನಷ್ಟವಾದ ಜಮೀನು: ನಂಬರ್ ಇಪ್ಪತ್ತೇಳು, ವಿಸ್ತೀರ್ಣ ನೂರಿಪ್ಪತ್ತೆಂಟು ಚದರಡಿ. ದಾಖಲೆ: ಇಲಾಖೆಯ ಮೊಹರುಳ್ಳ ಪತ್ರ ಲಗತ್ತಿಸಿದೆ. ಸಾಕ್ಷಿ: ಮೂವತ್ತು ಜನ ಪ್ರವಾಸಿಗಳು, ಒಬ್ಬ ನಿವೃತ್ತ ಸರ್ವೇಯರು.'

"ಇದು ಪಾರ್ಕಿಂಗ್ ಪಾಸು ಕಣ್ರೀ!"

"ಹಾಗಂತಲೇ ಮೇಲೆ ಬರೆದು ಕಳಿಸಿ ಸ್ವಾಮಿ. ಅವರು ಏನಂತಾರೋ ನೋಡೋಣ."

ಸಾಹೇಬರು ಮನಸ್ಸಿನಲ್ಲೇ ಲೆಕ್ಕ ಹಾಕಿದರು. ದಂಡ ಹಾಕಿದರೆ ವರದಿ ಬರೆಯಬೇಕು. ಅರ್ಜಿ ತಿರಸ್ಕರಿಸಿದರೂ ವರದಿ ಬರೆಯಬೇಕು. ವರದಿ ಹೋಗಿ ಮುಟ್ಟುವುದು ಎಂಟು ಪುಟದ ಮಾದರಿ ಯಾವ ಮೇಜಿನ ಮೇಲಿದೆಯೋ ಅದೇ ಮೇಜಿಗೆ. ಆ ಮೂವತ್ತೊಂದು ವಾಹನಗಳಲ್ಲಿ ಒಂದು ಮಗುವಿನ ನಡೆಗಾಡಿ, ಒಂದು ಕ್ಷೌರದ ಕುರ್ಚಿ ಎಂದು ಬರೆಯುವ ಕೈ ಎಂಥದ್ದಿರಬೇಕು?

ಹಿಂದೆ ಅರ್ಧ ಮೈಲಿ ಹಾರನ್ನು. ಮುಂದೆ ಲಾರಿಯ ಇಂಜಿನ್ನು ಗುರುಗುಟ್ಟಿತು. "ಐದು ನಿಮಿಷ ಆಯ್ತು!" ಎಂದ ವ್ಯಾಪಾರಿ.

"ಇವತ್ತು ಸಂಜೆಯೊಳಗೆ ಎಲ್ಲ ಖಾಲಿ ಮಾಡ್ತೀರಾ?" ಎಂದರು ಸಾಹೇಬರು, ಸಣ್ಣ ದನಿಯಲ್ಲಿ.

"ಒಣಗಿದೆಯಲ್ಲ ಸ್ವಾಮಿ, ಇಟ್ಕೊಂಡು ಏನ್ಮಾಡ್ಲಿ?"

"ಆರು ಕಿಲೋ ಅಂದ್ರಲ್ಲ. ಕಿಲೋಗೆ ಎಷ್ಟು?"

"ಇಪ್ಪತ್ತೈದು," ಎಂದು ವ್ಯಾಪಾರಿ ಲಾರಿಯಿಂದಲೇ ಕೂಗಿದ.

ಸಾಹೇಬರು ಆ ಕಡೆ ಈ ಕಡೆ ನೋಡಿ, ಸ್ವಂತ ಜೇಬಿನಿಂದ ಒಂದು ನೂರು, ಒಂದು ಐವತ್ತು ತೆಗೆದು ಮುಂದೆ ಹಿಡಿದರು. "ತಗೊಳ್ಳಿ. ಜಿಂಕೆಯ ಬಾಬ್ತು ತೀರಿತು. ಅರ್ಜಿ ನನಗೆ ಕೊಡಿ."

ಕಾಗದದಣ್ಣ ಕೈ ಚಾಚಲಿಲ್ಲ. "ರಸೀದಿ?"

"ಏನು?"

"ಇಲಾಖೆ ಕೊಟ್ಟ ಪರಿಹಾರಕ್ಕೆ ಒಂದು ಕಾಗದ. ಯಾವ ಜಮೀನು, ಯಾವ ಪ್ರಾಣಿ, ಎಷ್ಟು ತಿಂತು..."

"ಕಾಗದ ಇಲ್ಲ! ಇದಕ್ಕೆ ಕಾಗದ ಇಲ್ಲವೇ ಇಲ್ಲ!" ಸಾಹೇಬರ ದನಿ ಅಳುವಿಗೆ ಹತ್ತಿರವಾಯಿತು.

"ಕಾಗದವಿಲ್ಲದ ದುಡ್ಡು ನಾನು ಮುಟ್ಟಲ್ಲ ಸ್ವಾಮಿ," ಎಂದ ಕಾಗದದಣ್ಣ ಶಾಂತವಾಗಿ.

ಲಾರಿ ಹಿಂದಕ್ಕೆ ಸರಿಯತೊಡಗಿತು. ಕ್ಷೌರದವನ ಕತ್ತಿ ಗಿರಾಕಿಯ ಗಲ್ಲದ ಮೇಲೆಯೇ ನಿಂತಿತು.

"ನಿಲ್ಲಿಸ್ರಪ್ಪಾ ಲಾರಿ!" ಎಂದು ಚೀಲ ಹೊಲಿಯುತ್ತಿದ್ದ ಹೆಂಡತಿ ದಬ್ಬಳ ಕೈಯಲ್ಲಿ ಹಿಡಿದೇ ಎದ್ದು ಬಂದಳು. ಗಂಡನನ್ನು ಮೊಣಕೈಯಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿಸಿದಳು. "ನನಗೆ ಓದೋಕೆ ಬರಲ್ಲ ಸ್ವಾಮಿ. ನನಗೆ ಕಾಗದ ಬೇಡ." ಎರಡು ನೋಟನ್ನೂ ಸಾಹೇಬರ ಬೆರಳಿನಿಂದ ಬಿಡಿಸಿಕೊಂಡಳು, ಗಂಡನ ಕೈಯಿಂದ ಅರ್ಜಿ ಕಿತ್ತು ಸಾಹೇಬರ ಕೈಗಿಟ್ಟಳು, ನೆಟ್ಟಗೆ ಕೌಂಟರಿಗೆ ನಡೆದು ಎರಡು ನೋಟನ್ನೂ ಕಿಂಡಿಯೊಳಗೆ ತಳ್ಳಿದಳು.

"ಲಾರಿ ಒಂದು," ಎಂದಳು. "ಎರಡು ಗಂಟೆ."

ಗುಮಾಸ್ತೆ 'ಇತರೆ' ಎಂದು ಬರೆಯಹೊರಟು, ತಡೆದು, 'ಲಾರಿ' ಎಂದು ಬರೆದಳು. ಆ ವಾರ ಊರಿನವರ ಲೆಕ್ಕದಲ್ಲಿ ಆಕೆ ಬರೆದ ಮೊದಲ ಸರಿಯಾದ ವಾಹನ ಅದು. ಮೊಹರು ಗುದ್ದಿ ರಸೀದಿ ಹರಿದುಕೊಟ್ಟಳು.

ಲಾರಿ ಒಳಗೆ ಬಂತು. ತಕ್ಕಡಿ ಇಳಿಯಿತು. ಭಾವಮೈದ ಚಕ್ರ ಬಿಟ್ಟು ಚೀಲಕ್ಕೆ ಹೆಗಲು ಕೊಟ್ಟ. ಒಂದಾದ ಮೇಲೊಂದು ಎಂಟೂ ಚೀಲ ಏರಿದವು. ಆರು ಕಿಲೋ ಕಡಿಮೆ.

ಹೆಂಡತಿ ಬಂದು, ಪೆಚ್ಚುಮೋರೆ ಹಾಕಿಕೊಂಡು ನಿಂತಿದ್ದ ಗಂಡನ ಕೈಗೆ ಆ ರಸೀದಿ ಇಟ್ಟಳು.

"ತಗೊಳ್ಳಿ. ನೂರೈವತ್ತರದ್ದು. ಮೊಹರೂ ಇದೆ."

ಕಾಗದದಣ್ಣ ಕನ್ನಡಕ ಒರೆಸಿ ಹಾಕಿಕೊಂಡು, ಬಿಸಿಲಿಗೆ ಹಿಡಿದು, ಮೊದಲಿನಿಂದ ಕಡೆಯವರೆಗೆ ಓದಿದ. ಅಲ್ಲಿ ಜಿಂಕೆಯ ಮಾತಿರಲಿಲ್ಲ, ಜೋಳದ ಮಾತಿರಲಿಲ್ಲ. ಗಂಟಲು ಸರಿಮಾಡಿಕೊಂಡ.

"ಸರಿಯಾಗಿದೆ," ಎಂದ, ಮಡಿಸಿ ಜೇಬಿಗೆ ಹಾಕಿಕೊಂಡ. "ಸರ್ಕಾರದ ಬಾಕಿ ತೀರಿತು."